ಪಥ್ಯದ ತುತ್ತಿಗೂ ಪುಣ್ಯವಿದೆಯೇ?

ಮದ್ರಸದ ಐದನೆಯ ತರಗತಿಯಲ್ಲಿ ಊಟದ ಶಿಷ್ಟಾಚಾರಗಳ ಪಾಠ ನಡೆಯುತ್ತಿತ್ತು. ಮನುಷ್ಯನು ತುಂಬಿಸುವ ಪಾತ್ರೆಗಳಲ್ಲೆಲ್ಲ ಹೊಟ್ಟೆಯೇ ಅತ್ಯಂತ ಕೆಟ್ಟದ್ದೆಂದೂ, ಬೆನ್ನು ನೆಟ್ಟಗಿರಲು ಬೇಕಾದಷ್ಟು ತುತ್ತುಗಳೇ ಅವನಿಗೆ ಸಾಕೆಂದೂ, ಅಷ್ಟಕ್ಕೇ ನಿಲ್ಲಿಸಲಾರದವನು ಹೊಟ್ಟೆಯ ಒಂದು ಪಾಲನ್ನು ಅನ್ನಕ್ಕೆ, ಒಂದು ಪಾಲನ್ನು ನೀರಿಗೆ, ಇನ್ನೊಂದು ಪಾಲನ್ನು ಉಸಿರಿಗೆ ಬಿಡಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ ಹದೀಸನ್ನು ನಾನು ವಿವರಿಸುತ್ತಿದ್ದೆ. ಮಕ್ಕಳಿಗೆ ಅರ್ಥವಾಗಲೆಂದು ಹಲಗೆಯ ಮೇಲೆ ಒಂದು ಮಡಕೆಯ ಚಿತ್ರ ಬರೆದು ಎರಡು ಗೆರೆ ಎಳೆದು ಮೂರು ಪಾಲು ಮಾಡಿದೆ. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು, "ಉಸ್ತಾದ್, ನೀವೂ ಹೀಗೆಯೇ ತಿನ್ನುವುದಾ?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ. "ಎಲ್ಲರೂ ಪ್ರಯತ್ನಿಸಬೇಕು" ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆ.

ಅದು ಉತ್ತರವಾಗಿರಲಿಲ್ಲ. ಅದು ಹುಡುಗನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದೇ ವರ್ಷದ ರಮಝಾನ್‌ನಲ್ಲಿ ಒಂದು ರಾತ್ರಿ ತರಾವೀಹ್ ನಮಾಝ್‌ಗೆ ನಿಂತಿದ್ದೆ. 20 ರಕಅತ್ ಎಂದರೆ 40 ಸುಜೂದ್. ಆರನೆಯದೋ ಏಳನೆಯದೋ ಸುಜೂದ್‌ನಲ್ಲಿ ಹಣೆಯನ್ನು ನೆಲಕ್ಕಿಟ್ಟಾಗ ಎದೆಯ ನಡುವಿನಿಂದ ಬೆಂಕಿಯಂಥ ಹುಳಿ ನೀರು ಗಂಟಲಿಗೆ ಏರಿತು. ನುಂಗಿದೆ. ಮತ್ತೆ ಏರಿತು. ಆ ಬಳಿಕ ಪ್ರತಿಯೊಂದು ಸುಜೂದ್‌ಗೂ ಹೆದರುತ್ತಾ ಬಾಗಿದೆ. ದಾಸನು ತನ್ನ ಪ್ರಭುವಿಗೆ ಅತ್ಯಂತ ಸಮೀಪವಿರುವ ಸ್ಥಿತಿ ಸುಜೂದ್ ಎಂದು ನಾವು ಕಲಿತಿದ್ದೇವೆ, ಕಲಿಸುತ್ತೇವೆ. ಆ ರಾತ್ರಿ ನಾನು ಆ ಸಾಮೀಪ್ಯದಿಂದ ಬೇಗ ತಲೆಯೆತ್ತಿಕೊಳ್ಳಲು ಕಾಯುತ್ತಿದ್ದೆ. ಕಾರಣ ಬೇರೇನೂ ಅಲ್ಲ. ಇಫ್ತಾರಿನಲ್ಲಿ ತಿಂದ ಸಮೋಸ, ಕೋಳಿಯ ಕರಿದ ತುಂಡು, ಅದರ ಮೇಲೆ ನೈಚೋರು.

ಸರದಿಯ ಊಟ

ನಮ್ಮ ಕರಾವಳಿಯ ಮದ್ರಸ ಅಧ್ಯಾಪಕರ ಬದುಕನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲ್ಲದವರಿಗಾಗಿ ಹೇಳುತ್ತೇನೆ. ಉಸ್ತಾದರ ಮನೆ ಒಂದು ಊರಿನಲ್ಲಿ, ಕೆಲಸ ಇನ್ನೊಂದು ಊರಿನಲ್ಲಿ. ಅವರ ಊಟ ಜಮಾಅತಿನ ಮನೆಗಳಿಂದ ಸರದಿಯಂತೆ ಬರುತ್ತದೆ. ನಾನಿದ್ದಲ್ಲಿ ಸುಮಾರು 30 ಮನೆಗಳ ಸರದಿಯಿತ್ತು. ಒಂದು ಮನೆಗೆ ತಿಂಗಳಿಗೊಮ್ಮೆ ಆ ದಿನ ಬರುತ್ತದೆ. ಉಸ್ತಾದರಿಗೆ ಅನ್ನ ಕೊಡುವುದು ಪುಣ್ಯವೆಂದು ನಂಬಿದ ಮನೆಯವರು ಆ ದಿನ ತಮ್ಮಲ್ಲಿರುವ ಅತ್ಯುತ್ತಮವಾದುದನ್ನೇ ಮಾಡುತ್ತಾರೆ. ನೈಚೋರು, ಬಿರಿಯಾನಿ, ಕೋಳಿ ಸುಕ್ಕ, ಮೀನು ಹುರಿದದ್ದು, ಎಣ್ಣೆ ತೇಲುವ ಸಾರು. ಅವರಿಗೆ ಅದು ತಿಂಗಳಿಗೊಂದು ಹಬ್ಬ. ನನಗೆ ತಿಂಗಳಿಡೀ ಹಬ್ಬ.

ಟಿಫಿನ್ ಕ್ಯಾರಿಯರ್‌ನಲ್ಲಿ ಉಳಿದು ಹೋದರೆ ಮನೆಯವರಿಗೆ ನೋವಾದೀತೆಂದು ಮುಗಿಸುತ್ತಿದ್ದೆ. ಮನೆಗೇ ಕರೆದು ಬಡಿಸಿದರೆ "ಇನ್ನೊಂದಿಷ್ಟು ಹಾಕಿಕೊಳ್ಳಿ ಉಸ್ತಾದರೇ" ಎಂಬ ಮಾತಿಗೆ ಕೈ ಅಡ್ಡ ಹಿಡಿಯಲು ಸಂಕೋಚ. ಇದನ್ನು ನಾನು ಶಿಷ್ಟಾಚಾರ ಎಂದು ಕರೆಯುತ್ತಿದ್ದೆ. ಪ್ರವಾದಿವರ್ಯರು(ಸ) ಯಾವ ಆಹಾರವನ್ನೂ ಹಳಿದವರಲ್ಲ ಎಂಬ ಹದೀಸನ್ನು ನೆನಪಿಸಿಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದೇ ಹದೀಸಿನ ಉತ್ತರಾರ್ಧದಲ್ಲಿ, ಅವರಿಗೆ ಇಷ್ಟವಾದರೆ ತಿನ್ನುತ್ತಿದ್ದರು, ಇಷ್ಟವಾಗದಿದ್ದರೆ ಸುಮ್ಮನೆ ಬಿಡುತ್ತಿದ್ದರು ಎಂದಿದೆ. ಆ ಉತ್ತರಾರ್ಧವನ್ನು ನಾನು ನೆನಪಿಸಿಕೊಳ್ಳುತ್ತಿರಲಿಲ್ಲ. ಹಳಿಯದಿರುವುದು ಬೇರೆ, ಎಲ್ಲವನ್ನೂ ತಿಂದು ಮುಗಿಸುವುದು ಬೇರೆ.

ವೈದ್ಯರು ಹೇಳಿದ್ದು

ಪೆರ್ನಾಲ್ ಕಳೆದ ಮೇಲೆ ತಾಲೂಕು ಕೇಂದ್ರದ ಹಿರಿಯ ವೈದ್ಯರೊಬ್ಬರ ಬಳಿಗೆ ಹೋದೆ. "ಹೊಟ್ಟೆಯಲ್ಲಿ ಆಸಿಡ್ ಜಾಸ್ತಿಯಾಗಿದೆ" ಎಂದೆ. ಅವರು ನಕ್ಕು, "ಉಸ್ತಾದರೇ, ಆಸಿಡ್ ಎಲ್ಲರ ಹೊಟ್ಟೆಯಲ್ಲೂ ಇರಲೇಬೇಕು. ನಿಮ್ಮದು ಜಾಸ್ತಿ ಎಂದು ತಿಳಿಯಬೇಡಿ. ಅದು ಇರಬೇಕಾದ ಜಾಗದಲ್ಲಿ ನಿಲ್ಲುತ್ತಿಲ್ಲ, ಅಷ್ಟೇ" ಎಂದರು.

ಆ ಮಾತು ನನಗೆ ಒಂದು ಪಾಠದಂತೆ ಕೇಳಿಸಿತು. ಅವರು ವಿವರಿಸಿದುದರ ಸಾರ ಹೀಗಿದೆ. ಬಾಯಿಯಿಂದ ಹೊಟ್ಟೆಗೆ ಆಹಾರವನ್ನು ಒಯ್ಯುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಅದು ಹೊಟ್ಟೆಯನ್ನು ಸೇರುವಲ್ಲಿ ಬಳೆಯಂಥ ಒಂದು ಸ್ನಾಯುವಿದೆ. ತುತ್ತು ಇಳಿಯುವಾಗ ಅದು ತೆರೆದುಕೊಳ್ಳುತ್ತದೆ, ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಊರುವ ಹೈಡ್ರೋಕ್ಲೋರಿಕ್ ಆಮ್ಲ ಆಹಾರವನ್ನು ಜೀರ್ಣಿಸಲು ಬೇಕು, ಅದರೊಂದಿಗೆ ಬಂದ ರೋಗಾಣುಗಳನ್ನು ಕೊಲ್ಲಲೂ ಬೇಕು. ಹೊಟ್ಟೆಯ ಒಳಗೋಡೆಗೆ ಲೋಳೆಯ ದಪ್ಪ ಹೊದಿಕೆಯಿರುವುದರಿಂದ ಆ ಆಮ್ಲ ಅದನ್ನು ಸುಡುವುದಿಲ್ಲ. ಅನ್ನನಾಳಕ್ಕೆ ಅಂಥ ಹೊದಿಕೆಯಿಲ್ಲ. ಹೊಟ್ಟೆ ಮಿತಿಮೀರಿ ಹಿಗ್ಗಿದಾಗ ಆ ಬಳೆ ಬೇಡದ ಹೊತ್ತಿನಲ್ಲಿ ಮತ್ತೆ ಮತ್ತೆ ಸಡಿಲಗೊಳ್ಳುತ್ತದೆ. ಆಗ ಆಮ್ಲ ಮೇಲೇರಿ ಎದೆ ಉರಿಯುತ್ತದೆ, ಹುಳಿತೇಗು ಬರುತ್ತದೆ. ಕೆಲವರಿಗೆ ಒಣಕೆಮ್ಮು, ಸ್ವರ ಒಡೆಯುವುದೂ ಉಂಟು. ಕುರ್‌ಆನ್ ಓದಿಸುವ ನನ್ನ ಸ್ವರ ಬೆಳಗಿನ ಹೊತ್ತು ಯಾಕೆ ಗೊಗ್ಗರಾಗುತ್ತಿತ್ತು ಎಂಬುದೂ ಅಂದು ತಿಳಿಯಿತು.

ಅವರು ಮೊದಲು ಕೇಳಿದ್ದು ಏನು ತಿನ್ನುತ್ತೀರಿ ಎಂದಲ್ಲ, ಎಷ್ಟು ಮತ್ತು ಯಾವಾಗ ತಿನ್ನುತ್ತೀರಿ ಎಂದು. ಒಮ್ಮೆಲೇ ಹೊಟ್ಟೆ ಬಿರಿಯುವಂತೆ ತಿನ್ನಬಾರದು. ಅದನ್ನೇ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ತಿನ್ನಬಹುದು. ಕರಿದದ್ದು, ಕೊಬ್ಬಿನ ಮಾಂಸ, ತುಪ್ಪ ಹೆಚ್ಚಿದ್ದು ಹೊಟ್ಟೆಯಿಂದ ಕೆಳಗಿಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಆಮ್ಲ ಮೇಲೇರುವ ಅವಕಾಶ ಇದ್ದೇ ಇರುತ್ತದೆ. ಕಾಫಿ, ಕಡು ಚಹಾ, ಚಾಕಲೇಟು, ಪುದೀನ, ಹಸಿ ಈರುಳ್ಳಿ, ಟೊಮೆಟೊ, ನಿಂಬೆ, ಹೆಚ್ಚು ಖಾರ ಇವು ಹಲವರಿಗೆ ಆಗುವುದಿಲ್ಲ. ಆದರೆ ಎಲ್ಲರಿಗೂ ಎಲ್ಲವೂ ಆಗದು ಎಂದೇನಿಲ್ಲ. ಆದ್ದರಿಂದ ಎರಡು ವಾರ ತಿಂದದ್ದನ್ನೂ ಉರಿ ಬಂದ ಹೊತ್ತನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ, ನಿಮ್ಮ ಶತ್ರು ಯಾರೆಂದು ನಿಮಗೇ ತಿಳಿಯುತ್ತದೆ ಎಂದರು. ಬೀಡಿ ಸಿಗರೇಟು ಸೇದುವವರಿಗೆ ಆ ಬಳೆ ಮತ್ತಷ್ಟು ಸಡಿಲವಾಗುತ್ತದೆ. ಸೊಂಟದಲ್ಲಿ ಬಿಗಿಯಾಗಿ ಬೆಲ್ಟು ಕಟ್ಟಿದರೆ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಮೈ ತೂಕ ಹೆಚ್ಚಿದ್ದರೆ ಇಳಿಸಬೇಕು. ಊಟವಾಗಿ ಎರಡು ಮೂರು ತಾಸು ಕಳೆಯದೆ ಮಲಗಬಾರದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡೋ ಇಟ್ಟಿಗೆಯೋ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಬೇಕು. ಎರಡು ದಿಂಬು ಇಟ್ಟರೆ ಸಾಲದು, ಅದರಿಂದ ಕತ್ತು ಬಾಗಿ ಹೊಟ್ಟೆ ಮಡಚುತ್ತದೆ. ಎಡ ಮಗ್ಗುಲಲ್ಲಿ ಮಲಗಿದರೆ ಹೊಟ್ಟೆ ಅನ್ನನಾಳದ ಬಾಯಿಗಿಂತ ಕೆಳಗಾಗುವುದರಿಂದ ಉರಿ ಕಡಿಮೆ.

ಕೊನೆಯ ಮಾತು ಕೇಳಿ ನಾನು ಸ್ವಲ್ಪ ಹಿಂಜರಿದೆ. ಬಲ ಮಗ್ಗುಲಲ್ಲಿ ಮಲಗುವುದು ಸುನ್ನತ್ ಎಂದು ಎಷ್ಟೋ ಮಕ್ಕಳಿಗೆ ಕಲಿಸಿದವನು ನಾನು. ಆದರೆ ಅದು ಕಡ್ಡಾಯವಲ್ಲ. ನಿಂತು ನಮಾಝ್ ಮಾಡಲಾಗದವನಿಗೆ ಕುಳಿತು, ಕುಳಿತೂ ಆಗದವನಿಗೆ ಮಲಗಿ ಮಾಡಲು ಅನುಮತಿ ನೀಡಿದ ಧರ್ಮ ನಮ್ಮದು. ಪ್ರವಾದಿವರ್ಯರು(ಸ) ಆ ಅನುಮತಿಯನ್ನು ನೀಡಿದ್ದು ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ. ಕಡ್ಡಾಯ ನಮಾಝಿನಲ್ಲೇ ಇಷ್ಟು ರಿಯಾಯಿತಿ ಇರುವಾಗ ಮಲಗುವ ಮಗ್ಗುಲಿನಲ್ಲಿ ಇಲ್ಲದಿರುತ್ತದೆಯೇ? ಈಗ ನಾನು ಬಲ ಮಗ್ಗುಲಲ್ಲಿ ಮಲಗಿ ದುಆ ಓದಿ, ಬಳಿಕ ಎಡಕ್ಕೆ ತಿರುಗಿಕೊಳ್ಳುತ್ತೇನೆ.

ಚುಚ್ಚಿದ ಮಾತು

ಮದ್ರಸಕ್ಕೆ ಮರಳಿ ನನ್ನ ಪಥ್ಯದ ಪಟ್ಟಿಯನ್ನು ಹಿರಿಯ ಉಸ್ತಾದರಿಗೆ ತೋರಿಸಿದೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದಿಟ್ಟು, "ಸರಿ. ಇದನ್ನು ರಸೂಲರು(ಸ) ಹೇಳಿದಾಗ ನಾವು ಕೇಳಲಿಲ್ಲ. ಡಾಕ್ಟರು ಹೇಳಿದಾಗ ಕೇಳಿದೆವು" ಎಂದರು. ನನ್ನನ್ನು ನೋಯಿಸಬಾರದೆಂದು 'ನಾವು' ಎಂದರು. ನೋವು ಆಯಿತು.

ಹತ್ತನೆಯ ವಯಸ್ಸಿನಿಂದ ನನಗೆ ಆ ಹದೀಸು ಬಾಯಿಪಾಠ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರಿ ಎಂಬರ್ಥದ ಆದೇಶ ಅಲ್ ಅಅ್‌ರಾಫ್ ಅಧ್ಯಾಯದ 31ನೆಯ ಸೂಕ್ತದಲ್ಲಿರುವುದೂ ಗೊತ್ತು. ಅದರ ಮೇಲೆ ಭಾಷಣ ಮಾಡಿದ್ದೇನೆ. ಇಷ್ಟೆಲ್ಲ ಇದ್ದೂ ನನ್ನ ಕೈಯನ್ನು ತಟ್ಟೆಯಿಂದ ಹಿಂದೆಗೆಸಿದ್ದು ಅಲ್ಲಾಹನ ಆದೇಶವಲ್ಲ, ಎದೆಯ ಉರಿ. ಹಾಗಾದರೆ ಈ ಪಥ್ಯಕ್ಕೆ ಏನು ಬೆಲೆ? ಕರ್ಮಗಳು ಅವುಗಳ ಸಂಕಲ್ಪಕ್ಕನುಗುಣವಾಗಿ ಪರಿಗಣಿಸಲ್ಪಡುತ್ತವೆ ಎಂಬ ಹದೀಸಿನೊಂದಿಗೆ ಸಹೀಹುಲ್ ಬುಖಾರಿ ಆರಂಭವಾಗುತ್ತದೆ. ನನ್ನ ಸಂಕಲ್ಪ ಉರಿ ತಪ್ಪಿಸಿಕೊಳ್ಳುವುದು. ಬೆಂಕಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡವನನ್ನು ಯಾರಾದರೂ ಸಂಯಮಿ ಎಂದು ಕರೆಯುತ್ತಾರೆಯೇ?

ಇದು ನನ್ನೊಬ್ಬನ ಪ್ರಶ್ನೆಯಲ್ಲ ಎಂದು ನನಗನಿಸುತ್ತದೆ. ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿ ಬಿಟ್ಟವರು, ಹೃದಯದ ಆಪರೇಷನ್ ಆದ ಮೇಲೆ ಸಿಗರೇಟು ಬಿಟ್ಟವರು, ವಯಸ್ಸಾಗಿ ಶಕ್ತಿಗುಂದಿದ ಮೇಲೆ ಕೆಟ್ಟ ಚಟ ಬಿಟ್ಟವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಮನಸ್ಸಾಕ್ಷಿಯುಳ್ಳವರು ಎಂದಾದರೊಂದು ರಾತ್ರಿ ಈ ಪ್ರಶ್ನೆಯನ್ನು ಎದುರಿಸಿರಲೇಬೇಕು. ನಾನು ಬಿಟ್ಟೆನೇ, ಅಥವಾ ನನ್ನಿಂದ ಬಿಡಿಸಲಾಯಿತೇ?

ಉಮ್ಮುಲ್ ಮುಂದಿರ್(ರ)ರ ಮನೆಯಲ್ಲಿ

ಉತ್ತರ ಹುಡುಕುತ್ತಿದ್ದಾಗ ಹಳೆಯ ಒಂದು ಹದೀಸು ಹೊಸದಾಗಿ ಕಣ್ಣಿಗೆ ಬಿತ್ತು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಅದಿದೆ. ಪ್ರವಾದಿವರ್ಯರು(ಸ) ಅನ್ಸಾರಿ ಮಹಿಳೆ ಉಮ್ಮುಲ್ ಮುಂದಿರ್(ರ)ರ ಮನೆಗೆ ಹೋಗುತ್ತಾರೆ. ಜೊತೆಗೆ ಅಲೀ(ರ) ಇದ್ದಾರೆ. ಅವರು ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದವರು. ಮನೆಯಲ್ಲಿ ಖರ್ಜೂರದ ಗೊನೆಗಳನ್ನು ತೂಗುಹಾಕಲಾಗಿತ್ತು. ಪ್ರವಾದಿವರ್ಯರು(ಸ) ಅದರಿಂದ ತಿನ್ನತೊಡಗಿದರು. ಅಲೀ(ರ) ಕೂಡ ತಿನ್ನಲು ಎದ್ದರು. ಆಗ ಪ್ರವಾದಿವರ್ಯರು(ಸ) ಅವರನ್ನು ತಡೆದು, ನೀವಿನ್ನೂ ಪೂರ್ತಿ ಚೇತರಿಸಿಲ್ಲವೆಂದು ನೆನಪಿಸಿದರು. ಅಲೀ(ರ) ನಿಲ್ಲಿಸಿದರು. ಬಳಿಕ ಆ ಮಹಿಳೆ ಬಾರ್ಲಿ ಮತ್ತು ಸೊಪ್ಪು ಬೇಯಿಸಿ ತಂದರು. ಇದನ್ನು ತಿನ್ನಿ, ಇದು ನಿಮಗೆ ಹೆಚ್ಚು ಹಿತ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಅಲೀ(ರ)ರಿಗೆ ಹೇಳಿದರು.

ಈ ಪುಟ್ಟ ಘಟನೆಯಲ್ಲಿ ಗಮನಿಸಬೇಕಾದ ಸಂಗತಿಗಳು ಹಲವಿವೆ. ಖರ್ಜೂರ ಹಲಾಲ್ ಮಾತ್ರವಲ್ಲ, ಅನುಗ್ರಹೀತ ಆಹಾರ. ಅದನ್ನು ಪ್ರವಾದಿವರ್ಯರೇ(ಸ) ತಿನ್ನುತ್ತಿದ್ದಾರೆ. ಆದರೂ ಒಬ್ಬನಿಗೆ ಹಿತವಾದದ್ದು ಅದೇ ಹೊತ್ತಿನಲ್ಲಿ ಇನ್ನೊಬ್ಬನಿಗೆ ಹಿತವಲ್ಲ. ಹಲಾಲ್ ಆಗಿರುವುದೆಲ್ಲ ನನಗೆ ಒಳ್ಳೆಯದೇ ಆಗಬೇಕೆಂದಿಲ್ಲ. ಎರಡನೆಯದಾಗಿ, ಇದು ನಡೆದದ್ದು ಅತಿಥೇಯರ ಮನೆಯಲ್ಲಿ, ಅವರ ಕಣ್ಣೆದುರೇ. ಅಲ್ಲಿ ಯಾರಿಗೂ ಸಂಕೋಚವಾಗಲಿಲ್ಲ. ಆ ಮಹಿಳೆ ತಮಗೆ ಅವಮಾನವಾಯಿತೆಂದು ಭಾವಿಸಲಿಲ್ಲ, ಎದ್ದು ಹೋಗಿ ಬೇರೆ ಆಹಾರ ಬೇಯಿಸಿದರು. ನಾನು ಶಿಷ್ಟಾಚಾರವೆಂದು ತಿಳಿದಿದ್ದ ಮೌನಕ್ಕಿಂತ ಅಲ್ಲಿನ ನೇರವಾದ ಮಾತು ಎಷ್ಟು ಸುಂದರವಾಗಿದೆ! ಮೂರನೆಯದಾಗಿ, ಅಲೀ(ರ) ಕೈ ಹಿಂದೆಗೆದದ್ದು ಕಾಯಿಲೆಯ ಕಾರಣಕ್ಕಾಗಿಯೇ, ಆದರೆ ಪ್ರವಾದಿವರ್ಯರ(ಸ) ಮಾತಿಗೆ ಓಗೊಟ್ಟು. ಕಾಯಿಲೆಯ ಕಾರಣ ಮತ್ತು ಆಜ್ಞಾಪಾಲನೆ ಒಂದೇ ಕೈಯಲ್ಲಿ ಕೂಡಿಕೊಂಡವು. ಒಂದಿದ್ದರೆ ಇನ್ನೊಂದಿಲ್ಲ ಎಂದು ಯಾರು ಹೇಳಿದರು?

ಬಾಯಿ ತೆರೆದು ಕೇಳಿದಾಗ

ಮುಂದಿನ ಶುಕ್ರವಾರ ಜುಮಾ ಬಳಿಕ ಜಮಾಅತಿನ ಅಧ್ಯಕ್ಷರಲ್ಲಿ ವಿಷಯ ತಿಳಿಸಿದೆ. ಇನ್ನು ಮುಂದೆ ಸರದಿಯ ಮನೆಯವರು ನನಗೆ ಕುಚ್ಚಲಕ್ಕಿ ಗಂಜಿ ಅಥವಾ ಅನ್ನ, ಎಣ್ಣೆ ಕಡಿಮೆ ಇರುವ ಒಂದು ಪಲ್ಯ, ಹುರಿಯದ ಮೀನು ಅಥವಾ ಹೆಸರುಬೇಳೆ ಕಳುಹಿಸಿದರೆ ಸಾಕು, ರಾತ್ರಿಯ ಊಟ ಮಗ್ರಿಬ್ ಆದ ಕೂಡಲೇ ಸಿಕ್ಕಿದರೆ ಉಪಕಾರ ಎಂದೆ. ಅವರು ಒಪ್ಪಿದರು. ಕೆಲವು ಮನೆಯವರಿಗೆ ಬೇಸರವಾಯಿತೆಂದು ಕೇಳಿದೆ. ಆ ಬೇಸರವನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಮಾತ್ರ ಬೇರೊಂದು.

ಒಂದು ಸಂಜೆ ತರಗತಿ ಮುಗಿದ ಮೇಲೆ ಆ ಹಿಂದಿನ ಸಾಲಿನ ಹುಡುಗನೇ ಬಳಿಗೆ ಬಂದ. "ಉಸ್ತಾದ್, ನಾಳೆ ನಮ್ಮ ಮನೆಯ ಸರದಿ. ನಿಮಗೆ ಗಂಜಿ ಸಾಕು ಎಂದು ಹೇಳಿದ್ದು ಹೌದಾ? ಉಮ್ಮ ಕೇಳಿ ಬರಲು ಹೇಳಿದ್ದಾರೆ" ಎಂದ. ಹೌದು ಮಗನೇ ಎಂದೆ. ಅವನ ಮುಖ ಅರಳಿತು. "ಹಾಗಾದರೆ ಈ ಸಲ ಕೋಳಿ ತರಲು ಅಂಗಡಿಯಲ್ಲಿ ಸಾಲ ಹೇಳಬೇಕಾಗಿಲ್ಲ" ಎಂದು ಹೇಳಿ ಓಡಿದ.

ಅವನ ತಾಯಿ ಬೀಡಿ ಕಟ್ಟಿ ಮನೆ ನಡೆಸುವವರು. ನಾನು ಆ ಊರಿಗೆ ಬಂದು ಎಂಟು ವರ್ಷವಾಗಿತ್ತು. ಎಂಟು ವರ್ಷಗಳಲ್ಲಿ ಆ ಮನೆಯಿಂದ ಎಷ್ಟು ಸಲ ಕೋಳಿಯ ಸಾರು ಬಂದಿತ್ತು, ಅದರಲ್ಲಿ ಎಷ್ಟು ಸಲ ನನ್ನ ಎದೆ ಉರಿದಿತ್ತು ಎಂದು ಲೆಕ್ಕ ಹಾಕಲು ಕುಳಿತೆ, ಆಗಲಿಲ್ಲ. ನನಗೆ ಬೇಡವಾದುದನ್ನು ನಾನು ಸಂಕೋಚದಿಂದ ತಿನ್ನುತ್ತಿದ್ದೆ. ತಮ್ಮಲ್ಲಿ ಇಲ್ಲದುದನ್ನು ಅವರು ಸಂಕೋಚದಿಂದ ಕೊಡುತ್ತಿದ್ದರು. ಅತಿಥೇಯನ ಬಳಿ ಸತ್ಕರಿಸಲು ಏನೂ ಉಳಿಯದಂತಾಗಿ ಅವನು ಸಂಕಟಕ್ಕೆ ಬೀಳುವಷ್ಟು ಕಾಲ ಅತಿಥಿಯು ಉಳಿಯಬಾರದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ ಹದೀಸು ಮುಸ್ಲಿಮ್‌ನಲ್ಲಿದೆ. ಅದನ್ನೂ ನಾನು ಕಲಿಸಿದವನೇ. ನಾನು ಯಾರ ಮನೆಯಲ್ಲೂ ಉಳಿದಿರಲಿಲ್ಲ, ಆದರೆ ಪ್ರತಿ ತಿಂಗಳೂ ಒಂದು ಕ್ಯಾರಿಯರ್ ಆಗಿ ಆ ಬಾಗಿಲಿಗೆ ಹೋಗುತ್ತಿದ್ದೆ.

ಮಿತಿಮೀರುವುದು ಎಂದರೆ ನನ್ನ ಹೊಟ್ಟೆಯ ಅಳತೆ ಮೀರುವುದು ಎಂದಷ್ಟೇ ನಾನು ತಿಳಿದಿದ್ದೆ. ಒಬ್ಬರ ಆಹಾರ ಇಬ್ಬರಿಗೆ, ಇಬ್ಬರ ಆಹಾರ ನಾಲ್ವರಿಗೆ ಸಾಕಾದೀತೆಂಬ ಪ್ರವಾದಿ ವಚನದ ಅರ್ಥ ಅಂದು ಬೇರೆಯಾಗಿ ತಿಳಿಯಿತು. ನನ್ನ ಹೊಟ್ಟೆಯಲ್ಲಿ ಖಾಲಿ ಉಳಿಯಬೇಕಾದ ಪಾಲು ಎಲ್ಲೋ ಒಂದು ಮನೆಯ ತಟ್ಟೆಯಲ್ಲಿ ಇರಬೇಕಾದ ಪಾಲು.

ಮಾತ್ರೆಯ ಪರೀಕ್ಷೆ

ಇಷ್ಟಾದರೂ ನನ್ನ ಮೊದಲ ಪ್ರಶ್ನೆ ಬಾಕಿಯೇ ಇತ್ತು. ಅದಕ್ಕೆ ಉತ್ತರ ದೊರೆತದ್ದು ಒಂದು ಮದುವೆಯಲ್ಲಿ.

ಇಂದು ಎದೆಯುರಿಗೆ ಬಲವಾದ ಮಾತ್ರೆಗಳಿವೆ. ಒಮೆಪ್ರಝೋಲ್ 1988ರಲ್ಲಿ ಮಾರುಕಟ್ಟೆಗೆ ಬಂತು. ಅದರ ಬಳಿಕ ಪ್ಯಾಂಟೊಪ್ರಝೋಲ್ ಮುಂತಾದವು ಬಂದವು. ಅವು ಹೊಟ್ಟೆಯ ಜೀವಕೋಶಗಳು ಆಮ್ಲವನ್ನು ಹೊರಹಾಕುವುದನ್ನೇ ತಡೆಯುತ್ತವೆ. ಅನ್ನನಾಳ ಹುಣ್ಣಾದವರಿಗೆ ಅವು ನಿಜವಾದ ಅನುಗ್ರಹ. ಅಂಥವರು ವೈದ್ಯರು ಹೇಳಿದಷ್ಟು ಕಾಲ, ಹೇಳಿದ ಹೊತ್ತಿಗೆ, ಯಾವ ಸಂಕೋಚವೂ ಇಲ್ಲದೆ ಸೇವಿಸಬೇಕು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರೇ(ಸ) ಆದೇಶಿಸಿದ್ದಾರೆ. ಆದರೆ ಆ ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆಯೇ ಹೊರತು ಸಡಿಲವಾದ ಬಳೆಯನ್ನು ಬಿಗಿಗೊಳಿಸುವುದಿಲ್ಲ. ಉರಿ ನಿಲ್ಲುತ್ತದೆ, ಉಕ್ಕುವುದು ನಿಲ್ಲಬೇಕೆಂದಿಲ್ಲ.

ನನಗೆ ವೈದ್ಯರು ಕೆಲವು ವಾರಗಳಿಗೆ ಮಾತ್ರ ಬರೆದುಕೊಟ್ಟಿದ್ದರು. ಅದು ಮುಗಿದು ಪಥ್ಯದಲ್ಲೇ ಸುಖವಾಗಿದ್ದೆ. ಆ ಮದುವೆಯ ದಿನ ಜೊತೆಗಿದ್ದ ಗೆಳೆಯರೊಬ್ಬರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, "ಒಂದು ನುಂಗಿ ಉಸ್ತಾದರೇ, ಆಮೇಲೆ ಬಿರಿಯಾನಿಗೆ ಏನೂ ಭಯವಿಲ್ಲ" ಎಂದರು. ನುಂಗಿದೆ. ಮೂರು ಸಲ ಹಾಕಿಸಿಕೊಂಡೆ. ಅಂದು ರಾತ್ರಿ ಎದೆ ಉರಿಯಲಿಲ್ಲ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನೋವಿನ ಭಯ ಹೋದ ಕೂಡಲೇ ಸಂಯಮವೂ ಹೋಯಿತು. ಅಂದರೆ ಅದುವರೆಗೆ ನಾನು ಬಿಟ್ಟ ತುತ್ತುಗಳು ಅಲ್ಲಾಹನಿಗಾಗಿ ಬಿಟ್ಟದ್ದಾಗಿರಲಿಲ್ಲ.

ಹಾಗೆಂದು ಪಥ್ಯವನ್ನೇ ಬಿಡಬೇಕೇ? ಇಲ್ಲಿ ನನ್ನ ವೃತ್ತಿ ನನಗೆ ಸಹಾಯ ಮಾಡಿತು. ಮಗು ಮೊದಮೊದಲು ನಮಾಝ್ ಮಾಡುವುದು ಯಾರಿಗಾಗಿ? ಬಾಪನ ಭಯಕ್ಕಾಗಿ, ಉಸ್ತಾದರ ಮೆಚ್ಚುಗೆಗಾಗಿ. ನಿನ್ನ ಸಂಕಲ್ಪ ಶುದ್ಧವಿಲ್ಲ, ಆದ್ದರಿಂದ ನಿಲ್ಲಿಸು ಎಂದು ಯಾವ ಅಧ್ಯಾಪಕನೂ ಹೇಳುವುದಿಲ್ಲ. ಬಾಗುವುದನ್ನು ಕಲಿತ ಬೆನ್ನಿಗೆ ಯಾರ ಮುಂದೆ ಬಾಗುತ್ತಿದ್ದೇನೆಂಬುದು ಮುಂದೊಂದು ದಿನ ತಿಳಿಯುತ್ತದೆ ಎಂಬ ಭರವಸೆಯಿಂದ ಕಲಿಸುತ್ತಾನೆ. ನನ್ನ ಹೊಟ್ಟೆಯೂ ಅಂಥ ಒಂದು ಮಗು. ಅದಕ್ಕೆ ಉರಿಯೇ ಬೆತ್ತ ಹಿಡಿದ ಮೊದಲ ಉಸ್ತಾದ. ಬೆತ್ತದ ಭಯದಿಂದ ಕಲಿತದ್ದಕ್ಕೆ ನಾಚಿಕೆಪಡಬೇಕಾಗಿಲ್ಲ. ಬೆತ್ತ ಕಾಣದಾದಾಗ ಮರೆತುಬಿಟ್ಟರೆ ನಾಚಿಕೆಪಡಬೇಕು.

ಇಮಾಮ್ ಗಝ್ಝಾಲಿಯವರು (ನಿಧನ: 1111) ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಊಟದ ವಿಷಯಕ್ಕೆ ಎರಡು ಕಡೆ ಸ್ಥಾನ ನೀಡಿದ್ದಾರೆ. ದೈನಂದಿನ ನಡವಳಿಕೆಗಳ ಭಾಗ ಆರಂಭವಾಗುವುದೇ ಊಟದ ಶಿಷ್ಟಾಚಾರದಿಂದ. ಮನುಷ್ಯನನ್ನು ನಾಶಕ್ಕೊಯ್ಯುವ ದುರ್ಗುಣಗಳ ಭಾಗದಲ್ಲಿ ಹೊಟ್ಟೆಯ ಆಸೆಯನ್ನು ಮುರಿಯುವ ಬಗ್ಗೆ ಬೇರೆಯೇ ಒಂದು ಅಧ್ಯಾಯವಿದೆ. ಅದೇ ಅನ್ನ, ಅದೇ ತುತ್ತು. ಅದು ಯಾವ ಭಾಗಕ್ಕೆ ಸೇರುತ್ತದೆಂಬುದನ್ನು ತಿನ್ನುವವನ ಮನಸ್ಸು ನಿರ್ಧರಿಸುತ್ತದೆ. ಅಲ್ಲಾಹನ ಸಂಪ್ರೀತಿ ಬಯಸಿ ಪತ್ನಿಯ ಬಾಯಿಗಿಡುವ ತುತ್ತಿಗೂ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ತಿಳಿಸಿದ್ದರು. ಪತ್ನಿಯ ಮೇಲಿನ ಪ್ರೀತಿ ಸ್ವಾಭಾವಿಕ. ಆ ಸ್ವಾಭಾವಿಕ ಪ್ರೀತಿ ಸಂಕಲ್ಪಕ್ಕೆ ಅಡ್ಡಿಯಾಗಲಿಲ್ಲ. ಹಾಗಿದ್ದರೆ ನೋವಿನ ಭಯವೆಂಬ ಸ್ವಾಭಾವಿಕ ಕಾರಣವೂ ಅಡ್ಡಿಯಾಗಬೇಕಿಲ್ಲ. ಆ ಕಾರಣದ ಜೊತೆಗೆ ಸಂಕಲ್ಪವೂ ಇರಬೇಕು, ಕಾರಣ ಹೋದಾಗಲೂ ಸಂಕಲ್ಪ ಉಳಿಯಬೇಕು, ಅಷ್ಟೇ.

ಎರಡು ಎಚ್ಚರಿಕೆಗಳು

ಇಲ್ಲಿ ಎರಡು ಮಾತು ಹೇಳದಿದ್ದರೆ ಈ ಲೇಖನದಿಂದ ಕೇಡಾದೀತು. ಮೊದಲನೆಯದು, ಎದೆಯುರಿ ಇರುವವರನ್ನೆಲ್ಲ ಹೊಟ್ಟೆಬಾಕರೆಂದು ತಿಳಿಯಬಾರದು. ಗರ್ಭಿಣಿಯರಿಗೆ ಅದು ಬರುತ್ತದೆ. ಹೊಟ್ಟೆಯ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಗೂಡಿನೊಳಗೆ ಜಾರಿದವರಿಗೆ ಬರುತ್ತದೆ. ಬಡಕಲು ದೇಹದ ಮಿತಾಹಾರಿಗಳಿಗೂ ಬರುತ್ತದೆ. ನಾನು ನನ್ನ ತಪ್ಪನ್ನು ಹೇಳಿಕೊಂಡಿದ್ದೇನೆ. ಅದನ್ನು ಇನ್ನೊಬ್ಬ ರೋಗಿಯ ಮೇಲೆ ಹೊರಿಸುವ ಹಕ್ಕು ಯಾರಿಗೂ ಇಲ್ಲ.

ಎರಡನೆಯದು, ನಮ್ಮಲ್ಲಿ ಎದೆ ನೋವೆಂದರೆ 'ಗ್ಯಾಸ್ಟ್ರಿಕ್' ಎಂದು ಹೇಳಿ ಸೋಡಾ ಕುಡಿದು ಮಲಗುವ ರೂಢಿಯಿದೆ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು ಕಿತ್ತು ಬಂದರೆ, ಉಸಿರು ಕಟ್ಟಿದರೆ ಅದು ಹೃದಯಾಘಾತವಿರಬಹುದು. ಒಂದು ನಿಮಿಷವನ್ನೂ ವ್ಯರ್ಥ ಮಾಡದೆ ಆಸ್ಪತ್ರೆಗೆ ಹೋಗಬೇಕು. ನುಂಗಲು ಕಷ್ಟವಾಗುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಶರೀರವು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು. ಅಮಾನತ್ತಿನ ವಿಷಯದಲ್ಲಿ ಊಹೆಯಿಂದ ನಡೆಯುವಂತಿಲ್ಲ.

ಈ ವರ್ಷದ ರಮಝಾನ್

ಆ ಮದುವೆಯ ಬಳಿಕ ನಾನು ನನ್ನ ಮೇಲೆ ಒಂದು ಸಣ್ಣ ನಿಯಮ ಹಾಕಿಕೊಂಡೆ. ತಟ್ಟೆಯ ಮುಂದೆ ಕುಳಿತು ಬಿಸ್ಮಿಲ್ಲಾಹ್ ಹೇಳುವಾಗ, ಎಲ್ಲಿ ನಿಲ್ಲಿಸುತ್ತೇನೆಂಬುದನ್ನೂ ಆಗಲೇ ಸಂಕಲ್ಪಿಸುತ್ತೇನೆ. ಇದು ಉರಿಯ ಭಯದಿಂದಲ್ಲ, ನಿನ್ನ ರಸೂಲರ(ಸ) ಮಾತಿಗೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಕೆಲವು ದಿನ ಅದು ಬರೀ ಮಾತಾಗಿಯೇ ಉಳಿಯುತ್ತದೆ. ಕೆಲವು ದಿನ ನಿಜವಾಗುತ್ತದೆ.

ಈ ವರ್ಷದ ರಮಝಾನ್‌ನಲ್ಲಿ ಮೂರು ಖರ್ಜೂರ, ನೀರು ಮತ್ತು ಒಂದು ಬಟ್ಟಲು ಗಂಜಿಯಿಂದ ಉಪವಾಸ ತೊರೆದೆ. ಮಗ್ರಿಬ್ ನಮಾಝ್ ಆದ ಮೇಲೆ ಸ್ವಲ್ಪ ಊಟ ಮಾಡಿದೆ. ತರಾವೀಹ್ ಬಳಿಕ ಏನೂ ತಿನ್ನಲಿಲ್ಲ. ಸಹ್ರಿಯನ್ನು ಸುನ್ನತ್ತಿನಂತೆ ತಡವಾಗಿಯೇ, ಆದರೆ ಹಗುರವಾಗಿ ಮುಗಿಸಿದೆ. ಸುಬ್ಹ್ ನಮಾಝಿನ ಬಳಿಕ ಹಿಂದೆ ಮಲಗಿಬಿಡುತ್ತಿದ್ದವನು ಈಗ ಬಿಸಿಲೇರುವವರೆಗೆ ಕುಳಿತು ಕುರ್‌ಆನ್ ಓದಿದೆ. ಮಲಗಬಾರದೆಂದು ವೈದ್ಯರು ಹೇಳಿದ ಎರಡು ತಾಸು, ಓದದೆ ಬಾಕಿ ಬಿದ್ದಿದ್ದ ನನ್ನ ಹಲವು ವರ್ಷಗಳ ಓದಿಗೆ ದೊರೆಯಿತು.

ತರಾವೀಹ್‌ನ ಒಂದು ಸುಜೂದ್‌ನಲ್ಲಿ, ನಾನು ತಲೆಯೆತ್ತಲು ಅವಸರಪಡುತ್ತಿಲ್ಲ ಎಂಬುದು ಥಟ್ಟನೆ ಅರಿವಾಯಿತು. ಕಣ್ಣು ತುಂಬಿ ಬಂತು. ಪಥ್ಯದ ತುತ್ತಿಗೆ ಪುಣ್ಯವಿದೆಯೇ ಎಂಬುದರ ಪೂರ್ಣ ಜ್ಞಾನ ಅಲ್ಲಾಹನಿಗೆ ಮಾತ್ರ ಇದೆ. ಬಿಟ್ಟ ತುತ್ತು ಯಾರದೋ ಮನೆಯ ಸಾಲವನ್ನು ತಪ್ಪಿಸಿದ್ದನ್ನೂ, ಒಂದು ಸುಜೂದನ್ನು ದೀರ್ಘಗೊಳಿಸಿದ್ದನ್ನೂ ಮಾತ್ರ ನಾನು ಕಂಡಿದ್ದೇನೆ. ಮುಂದಿನ ವರ್ಷ ಆ ಪಾಠ ಬಂದಾಗ ಹಲಗೆಯ ಮೇಲೆ ಅದೇ ಮಡಕೆಯನ್ನು ಬರೆಯುತ್ತೇನೆ. ಯಾರಾದರೂ ಎದ್ದು ನಿಂತು ಆ ಪ್ರಶ್ನೆ ಕೇಳಿದರೆ, ಮುಂದಿನ ಪಾಠಕ್ಕೆ ಹೋಗುವ ಮುನ್ನ ಅವನಿಗೊಂದು ಪ್ರಾಮಾಣಿಕ ಉತ್ತರ ಕೊಡುವ ಸೌಭಾಗ್ಯವನ್ನು ಅಲ್ಲಾಹನು ನನಗೆ ಕರುಣಿಸಲಿ. ನಮ್ಮ ಅನ್ನದಲ್ಲಿ, ನಮ್ಮ ಸಂಕಲ್ಪದಲ್ಲಿ ಅವನು ಸಮೃದ್ಧಿ ನೀಡಲಿ. ಆಮೀನ್.